ನೋಡಿಕೊಳ್ಳುವವರು ಯಾರೂ ಇಲ್ಲ

ಕಿರ್ಗಿಸ್ತಾನದ ಟೋಕ್ಮೋಕ್ ಊರಿನ ಆ ಮನೆಯಲ್ಲಿ ಕಂಪ್ಯೂಟರಿಗೂ ಒಂದು ಮುಸುಕು ಇತ್ತು. ಅತ್ತೆ ತಮ್ಮ ಕೈಯಾರೆ ಕಸೂತಿ ಹಾಕಿದ ಬಟ್ಟೆ, ಅಂಚಿಗೆಲ್ಲ ಕುರಿಕೊಂಬಿನ ಬಳ್ಳಿ. ಮಗ ಮನೆಯಲ್ಲಿದ್ದ ದಿನಗಳಲ್ಲಿ ಆ ಯಂತ್ರ ಆರಿದ್ದನ್ನು ಯಾರೂ ಕಂಡಿರಲಿಲ್ಲ, ಹಾಗಾಗಿ ಮುಚ್ಚುವ ಮಾತೇ ಇರಲಿಲ್ಲ. ಅವನು ರಷ್ಯಾದ ಸರ್ಗುತ್‌ಗೆ ಕೆಲಸಕ್ಕೆ ಹೊರಟುಹೋದ ವಾರದಲ್ಲೇ ಅತ್ತೆ ಈ ಬಟ್ಟೆಯನ್ನು ತಂದು ಹೊದಿಸಿದರು. ಮಲಗಿದ ಮಗುವಿಗೆ ಹೊದಿಸುವ ಹಾಗೆ, ನಾಲ್ಕೂ ಮೂಲೆ ಎಳೆದು ಸರಿಮಾಡಿ.

ಮಧ್ಯಾಹ್ನ ಮಗಳು ಸೆಜಿಮ್ ಮಲಗಿದ ಮೇಲೆ ಬುರುಲ್ ಆ ಬಟ್ಟೆಯನ್ನು ಮಡಿಸಿಟ್ಟು ಕೂರುತ್ತಿದ್ದಳು. ಅದಕ್ಕೆ ಮೊದಲು ಅವಳಿಗೆ ಮಾಡುವ ಕೆಲಸ ಬಹಳ. ಬೆಶಿಕ್ ತೊಟ್ಟಿಲಲ್ಲಿ ಮಗುವಿಗೆ ಸುತ್ತಿದ ಪಟ್ಟಿ ಬಿಗಿಯಾಯಿತೇ ಎಂದು ಬೆರಳು ತೂರಿಸಿ ನೋಡಬೇಕು. ಸಡಿಲವಾಯಿತೇ ಎಂದು ಮತ್ತೆ ನೋಡಬೇಕು. ಕಲ್ಲಿದ್ದಲಿನ ಒಲೆ ಹೊಗೆ ಕಾರುತ್ತಿದೆಯೇ ಎಂದು ಮೂಸಬೇಕು. ಮಗುವಿನ ಮೂಗಿನ ಕೆಳಗೆ ಕೈಯಿಟ್ಟು ಉಸಿರು ತಾಕುವವರೆಗೆ ನಿಲ್ಲಬೇಕು. ಬಿಷ್ಕೆಕ್‌ನಲ್ಲಿ ಟ್ರಾಲಿಬಸ್ ಓಡಿಸುವ ತಂದೆಯ ಒಬ್ಬಳೇ ಮಗಳಾಗಿ, ಹೀಟರಿನ ಬೆಚ್ಚಗಿನ ಫ್ಲ್ಯಾಟಿನಲ್ಲಿ, ಒಳ್ಳೆಯ ಶಾಲೆಗಳಲ್ಲಿ ಓದಿ ಬೆಳೆದವಳು. ಒಲೆಯಿರುವ ಮನೆಯಲ್ಲಿ ಮಗು ಮಲಗಿಸಿ ನೆಮ್ಮದಿಯಾಗಿ ಇರುವುದು ಹೇಗೆಂದು ಯಾವ ಶಾಲೆಯೂ ಅವಳಿಗೆ ಕಲಿಸಿರಲಿಲ್ಲ.

ರಾಜಧಾನಿಯ ಒಂದು ಪ್ರಕಾಶನ ಅವಳಿಗೆ ಶಾಲಾ ಪುಸ್ತಕಗಳ ಕರಡು ಕಳಿಸುತ್ತಿತ್ತು. ಕಿರ್ಗಿಜ್ ಭಾಷೆಯ ತಪ್ಪು ತಿದ್ದಿ ಕೊಡುವುದು ಅವಳ ಕೆಲಸ. ಒಂದು ಪದದ ಬಾಲಕ್ಕೆ ಇನ್ನೊಂದು, ಅದರ ಬಾಲಕ್ಕೆ ಮತ್ತೊಂದು ಎಂದು ಉದ್ದಕ್ಕೆ ಬೆಳೆಯುವ ಆ ಭಾಷೆ ಸಾಮಾನ್ಯ ತಂತ್ರಾಂಶಗಳ ಕೈಗೆ ಸಿಗುತ್ತಿರಲಿಲ್ಲ. ಅವಳ ಹತ್ತಿರ ಇದ್ದದ್ದು ಬೇರೆ. ಕಪ್ಪು ಪರದೆಯ ಮೇಲೆ ಒಂದು ಸಾಲು ಆಜ್ಞೆ ಟೈಪ್ ಮಾಡಿ ಪುಸ್ತಕದ ಹೆಸರು ಕೊಟ್ಟರೆ, ತಪ್ಪಾದ ಪದಗಳನ್ನೆಲ್ಲ ಸಾಲಾಗಿ ಹೆಕ್ಕಿ ಕೊಡುವ ಪುಟ್ಟ ಉಪಕರಣ. ಅದನ್ನು ಬರೆದವನು ಅವಳ ಗಂಡ.

ಇಂಥ ಉಪಕರಣಗಳನ್ನು ಒಂದೊಂದಾಗಿ ಹುಡುಕಿ ತಂದು ಜೋಡಿಸುತ್ತ ಕೂತರೆ ಆಯುಷ್ಯ ಸಾಲದು. ಅದಕ್ಕೇ ಪ್ಯಾಕೇಜ್ ಮ್ಯಾನೇಜರ್ ಅಂತ ಇರುವುದು. ಅದು ಯಂತ್ರದೊಳಗಿನ ಉಗ್ರಾಣಿ. ಹೆಸರು ಹೇಳಿದರೆ ಆ ಸಾಮಾನನ್ನೂ, ಅದು ನಡೆಯಲು ಬೇಕಾದ ಉಳಿದ ಸಾಮಾನನ್ನೂ ತಂದಿಡುತ್ತಾನೆ. ಬೇಡವೆಂದರೆ ಗುಡಿಸಿ ಹಾಕುತ್ತಾನೆ. ತೊಂದರೆ ಏನೆಂದರೆ ಉಗ್ರಾಣಿಗಳು ಹಲವರು, ಆರಿಸಿಕೊಳ್ಳುವುದು ಮನೆಯವರ ತಲೆನೋವು. ಬೇರೆ ಗಂಡಸರು ಕುದುರೆಯ ಹಲ್ಲು ನೋಡಿ ಜಗಳ ಕಾಯುವಂತೆ ಅವಳ ಗಂಡ ಈ ಉಗ್ರಾಣಿಗಳ ವಿಷಯಕ್ಕೆ ಗೆಳೆಯರೊಡನೆ ಜಗಳ ಕಾಯುತ್ತಿದ್ದ. ಮದುವೆಯಾದ ಮೊದಲ ಚಳಿಗಾಲ, ಹೊರಗೆ ಕಾಲಿಡಲಾಗದಷ್ಟು ಹಿಮ ಬಿದ್ದಾಗ, ಪಕ್ಕದಲ್ಲಿ ಕೂರಿಸಿಕೊಂಡು ಅವಳಿಗೂ ಹೇಳಿಕೊಟ್ಟಿದ್ದ.

"ಮೂರು ಥರ ಕಣೆ. ಒಂದು ಸರ್ಕಾರಿ ಅಂಗಡಿ. ಎಲ್ಲಾ ಗಟ್ಟಿ ಸಾಮಾನೇ, ಆದ್ರೆ ಹಳೇದು. ನಮ್ಮ ಭಾಷೇದು ಅಂತೂ ಅಲ್ಲಿ ಸಿಗಲ್ಲ. ಎರಡನೇದು ಬಜಾರು. ಯಾರು ಬೇಕಾದ್ರೂ ತಂದು ಇಡಬಹುದು, ಎಲ್ಲಾ ಸಿಗುತ್ತೆ."

"ಬಜಾರಲ್ಲಿ ಮೋಸ ಆಗಲ್ವಾ?"

"ಆಗುತ್ತೆ. ಅದಕ್ಕೇ ಮುಖ ನೋಡಿ ತಗೋಬೇಕು. ಇಲ್ಲಿ ನೋಡು, ಪ್ರತಿ ಸಾಮಾನಿನ ಮೇಲೂ ಅದನ್ನ ಯಾರು ನೋಡ್ಕೊಳ್ತಿದ್ದಾರೆ ಅಂತ ಹೆಸರಿರುತ್ತೆ."

"ಮೂರನೇದು?"

"ಅದು ಸಂದೂಕ. ತನಗೆ ಬೇಕಾದ್ದನ್ನೆಲ್ಲ ತಾನೇ ಪೆಟ್ಟಿಗೇಲಿ ತುಂಬ್ಕೊಂಡು ಬರುತ್ತೆ, ಯಾರ ಜೊತೇನೂ ಹಂಚ್ಕೊಳಲ್ಲ. ಕೆಡೋದೇ ಇಲ್ಲ. ಆದ್ರೆ ಮನೆಗೆ ಬರೋ ಪ್ರತಿ ಸೊಸೆನೂ ತನ್ನ ಒಲೆ, ತನ್ನ ನೀರು ತಂದ್ರೆ ನಾವು ಕಾಲಿಡೋದು ಎಲ್ಲಿ?"

"ನಾನು ತವರಿಂದ ಎರಡು ಸಂದೂಕ ತಂದಿದ್ದೀನಿ, ಹುಷಾರು," ಎಂದು ಬುರುಲ್ ನಕ್ಕಿದ್ದಳು. ಹೊಸ ಮನೆಯ ಒಲೆ, ಹೊಗೆ, ಅತ್ತೆಯ ಮುಖ, ಯಾವುದರ ಭಯವೂ ಇಲ್ಲದೆ ಅವಳು ನಕ್ಕದ್ದು ಅಂದೇ ಮೊದಲು.

ಅವರು ಬಜಾರನ್ನೇ ಆರಿಸಿಕೊಂಡರು. ಅವನ ಉಪಕರಣವೂ ಅಲ್ಲೇ ಹೋಗಿ ಕೂತಿತು, ಅದರ ಮೇಲೆ ಅವನ ಹೆಸರು.

ಆ ಹೆಸರನ್ನು ಬುರುಲ್ ಈ ಮನೆಯಲ್ಲಿ ಒಂದೇ ಒಂದು ಸಲ ಬಾಯಿಬಿಟ್ಟು ಹೇಳಿದ್ದಳು. ಮದುವೆಯಾದ ತಿಂಗಳಲ್ಲಿ, ನೆಂಟರೆಲ್ಲ ಚಹಾಕ್ಕೆ ಕೂತಿದ್ದಾಗ, ಎಣ್ಣೆಯಲ್ಲಿ ಕರಿದ ಬೋರ್ಸೋಕಿನ ತಟ್ಟೆ ಆಚೆ ದಾಟಿಸಲೆಂದು "ಜೋಮಾರ್ತ್" ಎಂದುಬಿಟ್ಟಳು. ಬಿಷ್ಕೆಕ್‌ನ ಹುಡುಗಿ, ಅಭ್ಯಾಸ. ಕೂತಿದ್ದ ಮುದುಕಿಯರ ಪಿಯಾಲಾ ಬಟ್ಟಲುಗಳು ಗಾಳಿಯಲ್ಲೇ ನಿಂತವು. ಸೊಸೆಯಾದವಳು ಗಂಡನ ಹೆಸರನ್ನಾಗಲಿ ಅವನ ಕಡೆಯ ಹಿರಿಯರ ಹೆಸರನ್ನಾಗಲಿ ಎತ್ತುವುದುಂಟೇ? ಅತ್ತೆ ಬೈಯಲಿಲ್ಲ. ಆ ದಿನ ಸೊಸೆ ಸುರಿದ ಚಹಾ ಮಾತ್ರ ಕುಡಿಯಲಿಲ್ಲ.

ಅಲ್ಲಿಂದ ಈಚೆಗೆ ಅವನು "ಕೇಳಿದ್ರಾ" ಆದ. ಮಗಳು ಹುಟ್ಟಿದ ಮೇಲೆ "ಸೆಜಿಮಳ ಅಪ್ಪ" ಆದ. ಅತ್ತೆಯ ಮೇಲಿನ ಅಂಜಿಕೆ ಎಂದೋ ಹೋಗಿತ್ತು, ಈಗ ಅವಳು ಅವರನ್ನು "ಆಪಾ", ಅಮ್ಮ, ಎಂದೇ ಕರೆಯುತ್ತಿದ್ದಳು, ಅವರು ಅವಳ ಕೈಯ ಚಹಾವನ್ನೇ ಕೇಳಿ ಕುಡಿಯುತ್ತಿದ್ದರು. ಆದರೆ ಗಂಡ ದೂರ ಹೋದ ಮೇಲೆ ಬುರುಲ್ ಆ ಪದ್ಧತಿಗೆ ತನ್ನದೇ ಒಂದು ಭಯವನ್ನು ಗಂಟುಹಾಕಿದ್ದಳು. ಸರ್ಗುತ್‌ನ ದಾರಿಗಳೆಲ್ಲ ಮಂಜುಗಡ್ಡೆಯಂತೆ. ಕೆಲಸಗಾರರ ವ್ಯಾನುಗಳು ಜಾರುತ್ತವಂತೆ. ತಾನು ಹೆಸರೆತ್ತದೆ ಇರುವವರೆಗೆ ಅವನಿಗೆ ಏನೂ ಆಗುವುದಿಲ್ಲ. ಯಾರಾದರೂ ಕೇಳಿದ್ದರೆ ನಾಚಿಕೊಳ್ಳುತ್ತಿದ್ದಳು, ಓದಿದವಳು. ಯಾರೂ ಕೇಳಲಿಲ್ಲ, ಆದ್ದರಿಂದ ಆ ಭಯ ಹಾಗೇ ಉಳಿಯಿತು.

ಓದುವುದಕ್ಕೆ ಮಾತ್ರ ಯಾರ ಅಡ್ಡಿಯೂ ಇರಲಿಲ್ಲ. ಉಪಕರಣದ ಹೆಸರು ಟೈಪ್ ಮಾಡಿ ಅದರ ವಿವರ ಕೇಳಿದರೆ ಉಗ್ರಾಣಿ ಕೆಲವು ಸಾಲು ತೋರಿಸುತ್ತಿದ್ದ. ಅವುಗಳ ನಡುವೆ "ನೋಡಿಕೊಳ್ಳುವವರು" ಎಂಬ ಸಾಲು, ಅದರ ಮುಂದೆ ಬಿಳಿಯ ಅಕ್ಷರದಲ್ಲಿ ಅವನು. ಎಷ್ಟೋ ಮಧ್ಯಾಹ್ನ ಅವಳಿಗೆ ಆ ವಿವರದಿಂದ ಆಗಬೇಕಾದ್ದು ಏನೂ ಇರುತ್ತಿರಲಿಲ್ಲ. ಆದರೂ ಕೇಳುತ್ತಿದ್ದಳು. ಪರದೆ ತುಂಬಿದ ಮೇಲೆ ಒರೆಸಿ ಮತ್ತೆ ಕೇಳುತ್ತಿದ್ದಳು.

ಅವನು ಹೋಗಿ ಎರಡನೆಯ ಚಳಿಗಾಲ. ಇಲ್ಲಿ ಅವನಿಗೆ ಕೆಲಸವಿದ್ದ ಕಚೇರಿ ಮುಚ್ಚಿ, ಅಲ್ಲಿ ಹೊಸ ಕಟ್ಟಡಗಳಿಗೆ ಟೈಲ್ಸ್ ಹಾಕುವ ಕೆಲಸ. ಭಾನುವಾರ ಫೋನು ಮಾಡುತ್ತಿದ್ದ. ಮೊದಮೊದಲು ಯಂತ್ರ ಹೇಗಿದೆ, ಏನು ಹೊಸದು ಬಂತು, ಗೆಳೆಯ ಎರ್ಮೆಕ್ ಈಗಲೂ ಆ ಸಂದೂಕವನ್ನೇ ಹೊಗಳುತ್ತಾನಾ ಎಂದೆಲ್ಲ ಕೇಳುತ್ತಿದ್ದ. ಆಮೇಲಾಮೇಲೆ ಮಗು, ಅಮ್ಮನ ಮಂಡಿನೋವು, ಚಳಿ. ಅವನ ಬೆರಳುಗಳ ತುದಿ ಸಿಮೆಂಟಿಗೆ ಒಡೆದಿದ್ದು ಫೋನಿನ ಪರದೆಯಲ್ಲೂ ಕಾಣುತ್ತಿತ್ತು. ಗಂಡ ಊರಲ್ಲಿಲ್ಲ ಎನ್ನುವುದಕ್ಕಿಂತ, ಆ ಕುರ್ಚಿಯಲ್ಲಿ ಕೂತು ಕೈ ಬೀಸಿ ವಾದ ಮಾಡುತ್ತಿದ್ದವನು ಎಲ್ಲಿಯೂ ಇಲ್ಲವೇನೋ ಎಂಬುದು ಬುರುಲ್‌ಳ ಎದೆ ಕೊರೆಯುತ್ತಿತ್ತು. ಬಿಳಿ ಅಕ್ಷರದ ಆ ಸಾಲಿನಲ್ಲಿ ಮಾತ್ರ ಅವನು ಹಾಗೇ ಇದ್ದ.

ಹೀಗಿರುವಾಗ ಒಂದು ದಿನ ಇಡೀ ಯಂತ್ರಕ್ಕೆ ಹೊಸ ಸಾಮಾನು ತರಿಸಿದ ಮೇಲೆ ಉಪಕರಣ ನಿಂತೇ ಹೋಯಿತು. ತನಗೆ ಬೇಕಾದ ಯಾವುದೋ ಒಂದು ಕಡತ ಸಿಗುತ್ತಿಲ್ಲ ಎಂದು ಒಂದೇ ಸಾಲು ಗೊಣಗಿ ಸುಮ್ಮನಾಯಿತು. ಬುರುಲ್ ಬಜಾರಿನ ಪುಟ ತೆರೆದು ನೋಡಿದಳು. ದೂರದ ಯಾವುದೋ ದೇಶದಲ್ಲಿ ಕಿರ್ಗಿಜ್ ಕಲಿಯುತ್ತಿದ್ದ ವಿದ್ಯಾರ್ಥಿಯೊಬ್ಬ ಅಲ್ಲಿ ಬರೆದಿದ್ದ: ಇದು ಕೆಟ್ಟು ತುಂಬ ದಿನವಾಯಿತು, ಸರಿಪಡಿಸುವ ಬಗೆ ಹೀಗೆ, ನೋಡಿಕೊಳ್ಳುವವರು ಯಾವ ಪತ್ರಕ್ಕೂ ಉತ್ತರಿಸುತ್ತಿಲ್ಲ, ಇವರ ಹೆಸರು ತೆಗೆದು ಬೇರೆಯವರಿಗೆ ಅವಕಾಶ ಕೊಡಿ. ಬಜಾರಿನ ಹಿರಿಯರು ಕೆಳಗೆ ಬರೆದಿದ್ದರು: ಎರಡು ವಾರ ಕಾಯುತ್ತೇವೆ.

ಅವಳು ತಾರೀಖು ನೋಡಿದಳು. ಎರಡು ವಾರದಲ್ಲಿ ಮೊದಲ ವಾರ ಆಗಲೇ ಮುಗಿಯುತ್ತ ಬಂದಿತ್ತು.

ಭಾನುವಾರ ಫೋನು ಬಂದಾಗ ಅತ್ತೆ ಪಕ್ಕದಲ್ಲೇ ಕೂತು ಉಣ್ಣೆ ಬಿಡಿಸುತ್ತಿದ್ದರು.

"ಸೆಜಿಮ್ ಮಲಗಿದ್ಲಾ?"

"ಈಗಷ್ಟೇ. ಕೆಮ್ಮು ಕಮ್ಮಿಯಾಗಿದೆ. ಅಂದ್ರೆ ಬೆಳಿಗ್ಗೆ ಕೆಮ್ಮಿದ್ಲು, ಆದ್ರೆ ಅದು ಒಣ ಕೆಮ್ಮಲ್ಲ."

"ಡಾಕ್ಟರ್ ಏನಂದ್ರು?"

"ಏನೂ ಇಲ್ಲ ಅಂದ್ರು. ಅವರು ಯಾವಾಗ್ಲೂ ಏನೂ ಇಲ್ಲ ಅಂತಾನೇ ಹೇಳೋದು." ಒಂದು ಕ್ಷಣ ತಡೆದು ಕೇಳಿದಳು, "ಕೇಳಿದ್ರಾ, ಬಜಾರಿಗೆ ಒಂದು ಉತ್ತರ ಬರೀಬೇಕಲ್ಲ. ನಿಮ್ಮ ಉಪಕರಣದಿಂದ ನಿಮ್ಮ ಹೆಸರು ತೆಗೀತಾರಂತೆ."

ಅವನು ಯಾವುದೋ ಬಸ್ಸಿನಲ್ಲಿದ್ದ. ಕಿಟಕಿಯ ಗಾಜಿನ ಮೇಲೆಲ್ಲ ಮಂಜು. "ಪಾಸ್‌ವರ್ಡ್ ಎಲ್ಲಿದೆ ಬುರುಲ್, ಹಳೇ ಫೋನ್ ಜೊತೆ ಈಮೇಲೂ ಹೋಯ್ತು. ತೆಗೀಲಿ ಬಿಡು."

"ತೆಗೀಲಿ ಅಂದ್ರೆ?"

"ತೆಗೀಲಿ ಅಂದ್ರೆ ತೆಗೀಲಿ. ಯಾರಿಗೆ ಬೇಕಾಗಿದೆ ಅದು?"

ನನಗೆ ಬೇಕು ಎನ್ನುವ ಮಾತು ಗಂಟಲಿಗೆ ಬಂತು. ಅತ್ತೆ ಉಣ್ಣೆಯಿಂದ ಕಣ್ಣೆತ್ತಿದ್ದರು. "ಊಟ ಆಯ್ತಾ ನಿಮ್ದು?" ಎಂದಳು ಬುರುಲ್.

ಮರುದಿನ ಅವಳೇ ಬಜಾರಿನಲ್ಲಿ ಒಂದು ಖಾತೆ ತೆರೆದಳು. ಶಾಲೆಯಲ್ಲಿ ಕಲಿತ ಇಂಗ್ಲಿಷನ್ನೆಲ್ಲ ಒಟ್ಟುಗೂಡಿಸಿ ಬರೆದಳು: ದಯವಿಟ್ಟು ತೆಗೆಯಬೇಡಿ. ಇದನ್ನು ನೋಡಿಕೊಳ್ಳುವವರು ನನ್ನ ಮಗಳ ತಂದೆ. ದೂರ ಕೆಲಸಕ್ಕೆ ಹೋಗಿದ್ದಾರೆ, ಬರುತ್ತಾರೆ.

ಹಿರಿಯರು ಕೇಳಿದರು: ಯಾರ ವಿಷಯ ಹೇಳುತ್ತಿದ್ದೀರಿ, ದಯವಿಟ್ಟು ಹೆಸರು ತಿಳಿಸಿ.

ಅವಳು ಬರೆದಳು: ಸೆಜಿಮಳ ತಂದೆ. ಈ ಮನೆಯ ಹಿರಿಯ ಮಗ.

ಬರೆದು ಕಳಿಸಿದಾಗ ಅವಳಿಗೆ ಅದರಲ್ಲಿ ಏನೂ ಕೊರತೆ ಕಾಣಲಿಲ್ಲ. ಟೋಕ್ಮೋಕಿನ ಯಾವ ಬೀದಿಯಲ್ಲಿ ಹೀಗೆ ಹೇಳಿದರೂ ಜನ ನೇರ ಮನೆ ಬಾಗಿಲಿಗೇ ತಂದು ಬಿಡುತ್ತಿದ್ದರು. ಅತ್ತಲಿಂದ ಬಹಳ ವಿನಯದ ಉತ್ತರ ಬಂತು: ಇಲ್ಲಿ ಆ ಹೆಸರಿನವರು ಯಾರೂ ಇಲ್ಲ. ಇದನ್ನು ನೋಡಿಕೊಳ್ಳುತ್ತಿರುವವರು ಬೇರೊಬ್ಬರು. ನೀವು ಪುಟ ತಪ್ಪಿ ಬಂದಿರುವಂತೆ ತೋರುತ್ತದೆ.

ಅವಳ ಬೆರಳುಗಳು ಕೀಲಿಮಣೆಯ ಮೇಲೆ ಬಂದು ಕೂತವು, ಕೂತೇ ಇದ್ದವು. ಅಷ್ಟರಲ್ಲಿ ಸೆಜಿಮ್ ಕೆಮ್ಮಿದಳು. ಎದ್ದು ಹೋದ ಬುರುಲ್ ಆ ದಿನ ಮತ್ತೆ ಬಂದು ಕೂರಲಿಲ್ಲ. ಆಮೇಲೆ ಮಗುವಿಗೆ ಜ್ವರ ಏರಿತು, ಬಜಾರೂ ಇಲ್ಲ, ಕರಡೂ ಇಲ್ಲ. ಹಣೆ ಮುಟ್ಟುವುದು, ನೀರು ಕುಡಿಸುವುದು, ಕಿಟಕಿಯಿಂದ ಆಸ್ಪತ್ರೆಯ ದಾರಿ ನೋಡುವುದು, ಇಷ್ಟೇ ಆಗಿಹೋಯಿತು.

ಜ್ವರ ಇಳಿದ ಮೇಲೆ ಎರ್ಮೆಕ್ ಬಂದ. ಊರಿನ ಮಾರುಕಟ್ಟೆಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟವನು, ಗಂಡನಿಗಿಂತ ಕಿರಿಯ. ಅತ್ತಿಗೆಯನ್ನು ಛೇಡಿಸುವುದು ಮೈದುನರ ಹಕ್ಕಾದ್ದರಿಂದ ಅವಳನ್ನು "ಜೆಂಗೆ" ಎಂದು ಕರೆದು ಆ ಹಕ್ಕನ್ನು ತಾನೂ ಚಲಾಯಿಸುತ್ತಿದ್ದ. ಅತ್ತೆ ಅವನ ಮುಂದೆ ಬೋರ್ಸೋಕ್ ಸುರಿದರು. ಅವನು ಬಜಾರಿನ ಪುಟ ತೆರೆದು, ಅವಳು ಬರೆದದ್ದನ್ನು ಓದಿ, ಚಹಾ ಕೈಯಿಂದ ಚೆಲ್ಲುವಷ್ಟು ನಕ್ಕ.

"ಸೆಜಿಮಳ ತಂದೆ, ಈ ಮನೆಯ ಹಿರಿಯ ಮಗ. ಜೆಂಗೆ, ಆ ಪರದೇಶಿ ಪಾಪ ಲೋಕದಲ್ಲಿರೋ ಸೆಜಿಮರನ್ನೆಲ್ಲ ಹುಡುಕ್ತಾ ಕೂತಿರ್ತಾನೆ."

"ನಗು, ನಗು. ನಿನ್ನ ಹೆಂಡತಿ ಬರ್ಲಿ, ನಿನ್ನನ್ನ ಎರ್ಮೆಕಾ ಅಂತ ಕೂಗ್ತಾಳೆ, ಆಗ ನಿಮ್ಮಮ್ಮನ ಮುಖ ನೋಡ್ತೀನಿ."

"ನನ್ನ ಹೆಂಡತಿಯಾಗೋಳು ಹೆಸರು ಕರೆಯೋಕೆ ಮೊದ್ಲು ನಾನು ಸಿಗ್ಬೇಕಲ್ಲ ಅವಳಿಗೆ." ನಗು ಇಳಿಸಿ ಪುಟದ ಕಡೆ ಬೆರಳು ತೋರಿದ. "ಕೆಲಸ ಆಗಿಹೋಗಿದೆ ಜೆಂಗೆ. ತೆಗೆದುಬಿಟ್ಟಿದ್ದಾರೆ."

ನೋಡಿಕೊಳ್ಳುವವರು ಎಂಬ ಸಾಲಿನ ಮುಂದೆ "ಯಾರೂ ಇಲ್ಲ" ಎಂದಿತ್ತು.

ಬುರುಲ್ ಅದನ್ನೇ ನೋಡುತ್ತ ನಿಂತಳು. ಎರ್ಮೆಕ್ ಅವಳ ಮುಖ ನೋಡಿ ಧ್ವನಿ ಮೆತ್ತಗೆ ಮಾಡಿಕೊಂಡ. "ಬೇಜಾರು ಯಾಕೆ? ಈ ಬಜಾರಿನ ಸಹವಾಸವೇ ಬಿಡಿ. ಅಣ್ಣ ಹಟಮಾರಿ, ನನ್ನ ಮಾತು ಕೇಳ್ಲಿಲ್ಲ. ಸಂದೂಕದಲ್ಲಿ ಬೇರೆಯೊಂದು ಪದ ತಿದ್ದೋದು ಬಂದಿದೆ, ಇಷ್ಟು ಚೆನ್ನಾಗಿಲ್ಲ, ಆದ್ರೆ ನಡೆಯುತ್ತೆ. ಈ ಚಹಾ ಮುಗಿಯೋದ್ರಲ್ಲಿ ಹಾಕಿಕೊಡ್ತೀನಿ. ಮತ್ತೆ ಯಾವತ್ತೂ ಕೆಡಲ್ಲ, ಯಾರೂ ನೋಡ್ಕೋಬೇಕಾಗಿಲ್ಲ."

ಪ್ರಕಾಶನದ ಕರಡು ತಡವಾಗುತ್ತಿತ್ತು. ಅವನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಕೆಡದೆ ಇರುವ ವಸ್ತು ಬೇಕೆಂದು ದಿನಕ್ಕೆ ಹತ್ತು ಸಲ ಹಂಬಲಿಸುವವಳು ಅವಳೇ.

"ಬೇಡ," ಎಂದಳು.

"ಯಾಕೆ ಬೇಡ?"

"ಯಾರೂ ನೋಡ್ಕೋಬೇಕಾಗಿಲ್ಲ ಅಂದ್ಯಲ್ಲ, ಅದಕ್ಕೆ." ಹೇಳಿ ಅವಳಿಗೇ ಗಾಬರಿಯಾಯಿತು. ಮುಖ ತಿರುಗಿಸಿ ಅವನ ಪಿಯಾಲಾಕ್ಕೆ ಚಹಾ ಸುರಿದಳು, ಪದ್ಧತಿಯಂತೆ ಅರ್ಧಕ್ಕೆ ನಿಲ್ಲಿಸದೆ ಕಂಠಮಟ್ಟ ತುಂಬಿಸಿಬಿಟ್ಟಳು. ಹಾಗೆ ತುಂಬಿಸಿದರೆ ಅತಿಥಿಗೆ ಹೊರಡು ಎಂದಂತೆ.

"ಅರ್ಥ ಆಯ್ತು ಜೆಂಗೆ, ಹೋಗ್ತೀನಿ," ಎಂದು ಎರ್ಮೆಕ್ ನಗುತ್ತ ಎದ್ದ. ಬಾಗಿಲಲ್ಲಿ ಬೂಟು ಏರಿಸುತ್ತ ಹೇಳಿದ, "ಬಿಟ್ಟ ಸಾಮಾನನ್ನ ಯಾರು ಬೇಕಾದ್ರೂ ತಗೋಬಹುದು. ಆ ವಿದ್ಯಾರ್ಥಿ ತಗೊಳ್ಳೋಕೆ ಮೊದ್ಲು ತಗೊಂಡ್ರೆ ನಿಮ್ದು. ಹಳಬರ ಹೆಸರು ಕೆಳಗಿನ ಸಾಲಲ್ಲಿ ಬರೀಬೇಕು, ಅದು ಅಲ್ಲಿಯ ಮರ್ಯಾದೆ. ಬರೆಯದಿದ್ರೂ ಯಾರೂ ಕೇಳಲ್ಲ ಬಿಡಿ."

ಮಾರನೆಯ ಮಧ್ಯಾಹ್ನ ಸೆಜಿಮ್ ಮಲಗಿದ ಕೂಡಲೇ ಬುರುಲ್ ಕೂತಳು. ವಿದ್ಯಾರ್ಥಿ ಬರೆದಿಟ್ಟಿದ್ದ ಬಗೆಯನ್ನು ಒಂದೊಂದೇ ಸಾಲಾಗಿ ಅನುಸರಿಸಿದಳು. ಮೊದಲ ಸಲ ಯಂತ್ರ ಪರದೆ ತುಂಬ ತಪ್ಪು ಕಾರಿತು. ಅವಳು ಎದ್ದು ಮಗುವಿನ ಉಸಿರು ನೋಡಿ ಬಂದಳು. ಎರಡನೆಯ ಸಲ ಅರ್ಧಕ್ಕೆ ನಿಂತಿತು. ಎದ್ದು ಒಲೆ ಮೂಸಿ ಬಂದಳು. ಬೇಕಾದ ಸಾಮಾನುಗಳ ಪಟ್ಟಿಯಲ್ಲಿ ಒಂದು ಹೆಸರು ಹಳೆಯದೇ ಉಳಿದಿತ್ತು, ಅದನ್ನು ಬದಲಿಸಿದಳು. ಆಮೇಲೆ ಸಾಲುಗಳು ಜಾರುತ್ತ ಹೋದವು, ಎಲ್ಲಿಯೂ ತಡೆಯಲಿಲ್ಲ. ಕರಡಿನ ಮೊದಲ ಅಧ್ಯಾಯ ಕೊಟ್ಟು ನೋಡಿದಳು. ತಪ್ಪು ಪದಗಳು ಸಾಲಾಗಿ ಬಂದು ನಿಂತವು. ಅವನ ಕೈಯ ಕೆಲಸ, ಅವನು ಯೋಚಿಸುವ ರೀತಿಯಲ್ಲೇ, ಗಂಭೀರವಾಗಿ. ಅವಳಿಗೆ ಕಣ್ಣು ಮಂಜಾಯಿತು.

ಬಜಾರಿನ ಪುಟದಲ್ಲಿ "ತೆಗೆದುಕೊಳ್ಳುತ್ತೇನೆ" ಎಂಬ ಗುಂಡಿ ಒತ್ತಿದಳು. ಇನ್ನು ಉಳಿದದ್ದು ಕಡತದ ತಲೆಯ ಮೇಲಿನ ಎರಡು ಸಾಲು. ನೋಡಿಕೊಳ್ಳುವವರು ಎಂಬಲ್ಲಿ ಬುರುಲ್ ಎಂದು ಬರೆದಳು. ತನ್ನ ಹೆಸರು ಅಲ್ಲಿ ಕೂತದ್ದು ನೋಡಲು ಕಳ್ಳತನದಂತೆ ಕಂಡಿತು. ಎರಡನೆಯ ಸಾಲಿಗೆ ಬಂದು "ಹಿಂದೆ ನೋಡಿಕೊಂಡವರು" ಎಂದು ಟೈಪ್ ಮಾಡಿ ನಿಂತಳು.

ಇಷ್ಟಕ್ಕೇ ಬಿಟ್ಟು ಕಳಿಸಿದರೆ ಯಾರೂ ಕೇಳುವುದಿಲ್ಲ. ಸರ್ಗುತ್‌ನಲ್ಲಿ ಈಗ ಊಟ ಮುಗಿಸಿ ಬೇರೆ ಕಟ್ಟಡಕ್ಕೆ ಹೊರಡುವ ಹೊತ್ತು, ಅವನು ವ್ಯಾನಿನಲ್ಲಿರಬಹುದು, ದಾರಿ ಜಾರುತ್ತಿರಬಹುದು. ಬರೆದರೆ ಇವಳೇ ಕಾಪಾಡಿಕೊಂಡು ಬಂದದ್ದನ್ನು ಇವಳೇ ಒಡೆದಂತೆ. ಬರೆಯದಿದ್ದರೆ ಅವನು ಎಲ್ಲಿಯೂ ಇರುವುದಿಲ್ಲ.

ಅತ್ತೆ ಹೊರಗಿನಿಂದ ಕಲ್ಲಿದ್ದಲಿನ ಬಕೆಟ್ಟು ತಂದು ಒಲೆಯ ಬಳಿ ಇಟ್ಟರು. ಸೊಸೆಯ ಬೆನ್ನು ನೋಡಿ ಹತ್ತಿರ ಬಂದರು.

"ಏನಮ್ಮ, ಮಗು ಮಲಗಿದೆ, ನೀನು ಅಳ್ತಿದ್ದೀಯ."

"ಅಳ್ತಿಲ್ಲ ಆಪಾ. ಇಲ್ಲಿ ಒಂದು ಹೆಸರು ಬರೀಬೇಕು."

"ಬರಿ ಮತ್ತೆ."

ಬುರುಲ್ ಕೈಗಳನ್ನು ಮಡಿಲಿಗೆ ಎಳೆದುಕೊಂಡಳು. ಅತ್ತೆಗೆ ಇಂಗ್ಲಿಷ್ ಅಕ್ಷರ ಬರುತ್ತಿರಲಿಲ್ಲ. ಆದರೆ ಒಂದು ಸಾಲು ಅರ್ಧಕ್ಕೆ ನಿಂತಿದ್ದು, ಅದರ ತುದಿಯಲ್ಲಿ ಪುಟ್ಟ ಗೀಟೊಂದು ಮಿಣುಕುತ್ತಿದ್ದದ್ದು ಕಂಡಿತು.

"ಅವನದ್ದಾ?"

"ಹೂಂ."

"ದಾರಿಯಲ್ಲಿ ಇರೋನ ಹೆಸರು ಅಂತ ಹೆದರ್ತೀಯ."

ಇದನ್ನು ಯಾರಿಗೂ ಹೇಳಿರಲಿಲ್ಲವಲ್ಲ ಎಂದು ಬುರುಲ್ ತಲೆಯೆತ್ತಿದಳು. ಅತ್ತೆ ಕಲ್ಲಿದ್ದಲಿನ ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡರು. ಕುರ್ಚಿ ಎಳೆದು ಪಕ್ಕದಲ್ಲಿ ಕೂತರು. "ನಾನೂ ಹೆದರ್ತಿದ್ದೆ, ಇವನ ಅಪ್ಪ ಲಾರಿ ತಗೊಂಡು ಹೋದಾಗೆಲ್ಲ. ಹೆಂಡತಿಗೆ ಆ ಹೆದರಿಕೆ ಇರ್ಲಿ. ಹೆತ್ತವಳಿಗೆ ಯಾರ ಅಡ್ಡಿ? ನಾನು ಹೇಳ್ತೀನಿ, ನೀನು ಬರಿ. ನಾನು ಹೇಳಿದ್ದು, ನೀನಲ್ಲ."

"ಸರಿ ಆಪಾ."

ಅತ್ತೆ ಹೇಳಲು ಬಾಯಿ ತೆರೆದರು. ತಕ್ಷಣ ಬರಲಿಲ್ಲ. ಮನೆಯಲ್ಲಿ ಇಲ್ಲದವನನ್ನು ಹೆಸರು ಹಿಡಿದು ಕೂಗುವ ಕೆಲಸ ಅವರಿಗೂ ಬಿದ್ದಿರಲಿಲ್ಲ, ಎಷ್ಟು ಕಾಲವಾಯಿತೋ.

"ಜೋಮಾರ್ತ್," ಎಂದರು.

ಬುರುಲ್ ಅಕ್ಷರ ಅಕ್ಷರವಾಗಿ ಒತ್ತಿದಳು. ಗೀಟು ಮುಂದೆ ಸರಿಯುತ್ತ ಹೋಗಿ ಹೆಸರಿನ ಕೊನೆಗೆ ನಿಂತಿತು. ಅವಳು ಕಳಿಸುವ ಗುಂಡಿ ಒತ್ತಿದಳು. ಸ್ವಲ್ಪ ಹೊತ್ತಿಗೆ ಬಜಾರಿನ ಪುಟದಲ್ಲಿ ಎರಡೂ ಹೆಸರು ಒಂದರ ಕೆಳಗೊಂದು ಬಂದು ಕೂತವು.

"ಆಯ್ತಾ?"

"ಆಯ್ತು ಆಪಾ." ಪರದೆಯಿಂದ ಕಣ್ಣು ತೆಗೆಯದೆ ಅವಳು ಕೇಳಿದಳು, "ಇನ್ನೊಂದು ಸಲ ಹೇಳ್ತೀರಾ?"

"ಯಾಕೆ, ಬರೆದಾಯ್ತಲ್ಲ?"

"ಬರೆದಾಯ್ತು. ಆದ್ರೂ ಹೇಳಿ."

ಅತ್ತೆ ಸೊಸೆಯ ಕಡೆ ನೋಡಲಿಲ್ಲ. ಕಿಟಕಿಯ ಕಡೆ ತಿರುಗಿ, ಅನ್ನ ಆರುತ್ತಿದೆ ಬಾ ಎನ್ನುವ ಅಮ್ಮಂದಿರ ದನಿಯಲ್ಲಿ, ಮಗು ಏಳದಷ್ಟು ಮೆಲ್ಲಗೆ, ಆ ಹೆಸರು ಕರೆದರು.